ನೆಟ್‌ವರ್ಕ್ ಇಲ್ಲದೆಯೂ ದಾರಿ ತೋರುವ ಲ್ಯಾಪ್‌ಟಾಪ್

ಪ್ರಶ್ನೆ: ಹಾವೇರಿಯಿಂದ ಬ್ಯಾಡಗಿಗೆ ಹೋಗುವಾಗ ನೆಟ್‌ವರ್ಕ್ ಸಿಗದಿದ್ದರೂ ಲಿನಕ್ಸ್ ಲ್ಯಾಪ್‌ಟಾಪ್ ದಾರಿ ತೋರಿಸಬಲ್ಲದಂತೆ. ಅದು ಹೇಗೆ?
– ಓದುಗರು, ರಾಣೆಬೆನ್ನೂರು

ಉತ್ತರ: ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಸ್ಥಾನವನ್ನೂ ಸಮಯವನ್ನೂ ರೇಡಿಯೊ ಅಲೆಗಳಲ್ಲಿ ಸದಾ ಬಿತ್ತರಿಸುತ್ತಿರುತ್ತವೆ. ಮಿಂಚು ಕಂಡು ಎಷ್ಟು ಹೊತ್ತಿಗೆ ಗುಡುಗು ಕೇಳಿತು ಎಂಬುದರಿಂದ ಸಿಡಿಲಿನ ದೂರವನ್ನು ಅಂದಾಜು ಮಾಡುತ್ತೇವಲ್ಲ, ಹಾಗೆಯೇ ಸಂಕೇತ ಬಂದು ತಲುಪಲು ತಗುಲಿದ ಸಮಯದಿಂದ ರಿಸೀವರ್ ಪ್ರತಿ ಉಪಗ್ರಹದ ದೂರವನ್ನು ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನೀವಿರುವ ಜಾಗ ಗೊತ್ತಾಗುತ್ತದೆ.

ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಈ ರಿಸೀವರ್ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್ ಕೊಳ್ಳಬೇಕು. ಅದು ಕಳಿಸುವ ಮಾಹಿತಿಯನ್ನು ‘ಜಿಪಿಎಸ್‌ಡಿ’ ಎಂಬ ತಂತ್ರಾಂಶ ಓದಿ ‘ನ್ಯಾವಿಟ್’ ಎಂಬ ದಾರಿ ತೋರುವ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ನ್ಯಾವಿಟ್, ಮೊದಲೇ ಇಳಿಸಿಕೊಂಡ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ನಿಮ್ಮ ಜಾಗ ಗುರುತಿಸಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮೋಟೆಬೆನ್ನೂರು ಬಂದಾಗ ಬ್ಯಾಡಗಿಯತ್ತ ತಿರುಗಲು ಹೇಳುತ್ತದೆ.

2004ರಲ್ಲಿ ಶುರುವಾದ ಈ ನಕ್ಷೆಯನ್ನು ಬೆಳೆಸುತ್ತಿರುವವರು ಸ್ವಯಂಸೇವಕರು. ನಿಮ್ಮೂರಿನ ಹೊಲದ ದಾರಿ ಅದರಲ್ಲಿ ಇಲ್ಲದಿದ್ದರೆ ನೀವೇ ಸೇರಿಸಿ. ಮುಂದೆ ಬರುವವರಿಗೆ ಉಪಕಾರವಾಗುತ್ತದೆ.