ಐದು ತರಗತಿ, ಇಬ್ಬರು ಟೀಚರು, ಒಂದು ತೊಟ್ಟಿಲು

‘ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ’ – ಶಾಲಾ ಶಿಕ್ಷಕಿಯ ಉದ್ಯೋಗದ ಬಗ್ಗೆ ಈ ಮಾತನ್ನು ಕೇಳದವರಿಲ್ಲ. ಸಂಜೆಯೊಳಗೆ ಮನೆ, ಭಾನುವಾರ ರಜೆ, ದಸರೆಗೆ ರಜೆ, ಬೇಸಿಗೆಯಲ್ಲಿ ರಜೆ. ದಕ್ಷಿಣ ಕನ್ನಡದಲ್ಲಾದರೆ ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ಕೊಡುವ ರಜೆ ಬೇರೆ. ಮಗುವನ್ನು ನೋಡಿಕೊಂಡು ಸಂಬಳವನ್ನೂ ಪಡೆಯಲು ಇದಕ್ಕಿಂತ ಅನುಕೂಲದ ಕೆಲಸ ಯಾವುದಿದೆ ಎಂಬುದು ಜನರ ಪ್ರಶ್ನೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿ ಶಾಲೆಗಳ ಲೆಕ್ಕ ಹಿಡಿದು ನೋಡಿದರೆ ಈ ಮಾತು ಅರ್ಧ ಮಾತ್ರ ನಿಜ.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಮನೆಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿ, ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಐಗಳು ಗಂಡಸರು. ಅವರ ಸ್ವಂತ ಮನೆ, ಮಕ್ಕಳು ಹೆಂಡತಿಯ ಪಾಲಿಗೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಅಧ್ಯಾಪಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ, ಮುಂದೆ ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದರು. ಹುದ್ದೆ ಬದಲಾದಂತೆ ಊರೂ ಬದಲಾಗುತ್ತಿದ್ದ ಅಂಥ ದುಡಿಮೆಗೆ ಮನೆ ಹಿಡಿದು ನಿಲ್ಲುವ ಇನ್ನೊಂದು ಜೀವ ಬೇಕೇ ಬೇಕಿತ್ತು. ಮಿಷನ್ ಶಾಲೆಗಳು, ಕಾನ್ವೆಂಟುಗಳು, ಶಿಕ್ಷಕಿಯರ ತರಬೇತಿ ಸಂಸ್ಥೆಗಳು ಬಂದ ಮೇಲೆ ಈ ಜಿಲ್ಲೆಯ ಹೆಣ್ಣುಮಕ್ಕಳು ಬಹುಬೇಗ ಪಾಠದ ಮೇಜಿನ ಹಿಂದೆ ನಿಂತರು. ಶಾಲೆಗೆ ಟೀಚರು ಬಂದರು. ಮನೆಯಲ್ಲಿ ಅವರು ಮಾಡುತ್ತಿದ್ದ ಕೆಲಸಕ್ಕೆ ಮಾತ್ರ ಬೇರೆ ಯಾರೂ ಬರಲಿಲ್ಲ.

ಈ ಸೀಮೆಯ ಭೂಗೋಳವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿ ಕೂಡಿದ ಊರುಗಳಲ್ಲಿಲ್ಲ. ಅಡಿಕೆ ತೋಟ, ಗದ್ದೆ ಬೈಲು, ಗುಡ್ಡೆಗಳ ನಡುವೆ ಒಂದೊಂದು ಮನೆ ಒಂದೊಂದು ಕಡೆ. ಚಿಕ್ಕ ಮಕ್ಕಳು ತೋಡು, ಕಾಲುಸಂಕ ದಾಟಿ ಬಹುದೂರ ನಡೆಯಲಾರರು. ಆದ್ದರಿಂದ ಇಲ್ಲಿಗೆ ಬೇಕಾದದ್ದು ಹತ್ತಿರ ಹತ್ತಿರದ ಸಣ್ಣ ಶಾಲೆಗಳು. ಸಣ್ಣ ಶಾಲೆ ಎಂದರೆ ಕಡಿಮೆ ಮಕ್ಕಳು, ಕಡಿಮೆ ಶಿಕ್ಷಕರು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರು. ತರಗತಿ ಐದು, ಟೀಚರು ಇಬ್ಬರು. ಒಂದು, ಎರಡು, ಮೂರನೆಯ ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವ ‘ನಲಿಕಲಿ’ಯಲ್ಲಿ ಗುಂಪಿನಿಂದ ಗುಂಪಿಗೆ ಓಡಾಡುವ ಟೀಚರಿಗೆ ಕುರ್ಚಿಯ ಅಗತ್ಯವೇ ಇಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಕ್ಕಳಿಗೆ ಕನ್ನಡದ ಮೊದಲ ಪಾಠವೂ ಅವರಿಂದಲೇ ಆಗಬೇಕು.

ಅದೇ ಕಾಯ್ದೆ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಎಂದು ಗೊತ್ತುಮಾಡಿದೆ. ಪಾಠದ ಸಿದ್ಧತೆಯೂ ಇದರಲ್ಲಿ ಸೇರಿದೆ. ಸಿದ್ಧತೆ ನಡೆಯುವುದು ಹೆಚ್ಚಾಗಿ ಮನೆಯಲ್ಲಿ, ಮಗು ಮಲಗಿದ ಮೇಲೆ. ಬಿಸಿಯೂಟದ ಲೆಕ್ಕ, ಹಾಲು–ಮೊಟ್ಟೆಯ ಲೆಕ್ಕ, ಕಂಪ್ಯೂಟರಿಗೆ ತುಂಬುವ ಮಾಹಿತಿ ಇದರ ಮೇಲೆ. ಮಳೆಗೆ ಕೊಟ್ಟ ರಜೆಯ ಪಾಠವನ್ನು ಮುಂದೆ ಹೆಚ್ಚುವರಿ ತರಗತಿಯಲ್ಲಿ ತುಂಬಬೇಕು. ಬೋಧನೆಯಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಕಾಯ್ದೆ ಹೇಳಿದರೂ ಜನಗಣತಿ, ಚುನಾವಣೆ, ವಿಕೋಪ ಪರಿಹಾರಗಳಿಗೆ ಅದರಲ್ಲೇ ವಿನಾಯಿತಿ ಇದೆ. 2025ರ ದಸರಾ ರಜೆ ರಾಜ್ಯದ ಬಹಳಷ್ಟು ಶಿಕ್ಷಕರಿಗೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ, ಮನೆಮನೆ ಸುತ್ತುವುದರಲ್ಲಿ ಕಳೆಯಿತು.

ಹಾಗಾದರೆ ಮಗುವಿನ ಪಾಡೇನು? ಸರಕಾರಿ ಶಿಕ್ಷಕಿಗೆ 180 ದಿನಗಳ ಹೆರಿಗೆ ರಜೆ ಇದೆ. 2021ರಿಂದ ರಾಜ್ಯದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ ಇನ್ನೂ 180 ದಿನಗಳ ಶಿಶುಪಾಲನಾ ರಜೆ ದೊರೆಯುತ್ತಿದೆ. ತಂದೆಗೆ ಸಿಗುವುದು 15 ದಿನ. ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕಿ ಈ ಶಿಶುಪಾಲನಾ ರಜೆಯ ಲೆಕ್ಕಕ್ಕೆ ಬರುವುದಿಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾದಾಗ, 50 ಮಂದಿಗಿಂತ ಕಡಿಮೆಯಿಲ್ಲದ ನೌಕರರಿರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕೆಂಬ ನಿಯಮ ಬಂತು. ಉಜಿರೆ, ಮೂಡುಬಿದಿರೆಗಳಂಥ ವಿದ್ಯಾಕೇಂದ್ರಗಳ ದೊಡ್ಡ ಸಂಸ್ಥೆಗಳಿಗೆ ಈ ಸಂಖ್ಯೆ ಹೊಂದೀತು. ಇಬ್ಬರೇ ಇರುವ ಗುಡ್ಡೆಯ ಶಾಲೆಗೆ ಹೊಂದುವುದು ಹೇಗೆ? ಅಂಗನವಾಡಿ ಮಗುವನ್ನು ದಿನವಿಡೀ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಕಾಲವನ್ನು ದಾಟಿಸುವವರು ಮನೆಯ ಅಜ್ಜಿ. ಘಟ್ಟದ ಮೇಲಿನ ಜಿಲ್ಲೆಗಳಿಂದ ನೇಮಕವಾಗಿ ಬಂದು, ಇಲ್ಲಿ ಬಾಡಿಗೆ ಮನೆ ಹಿಡಿದ ಟೀಚರಿಗೆ ಅಜ್ಜಿಯ ಮನೆ ನೂರಾರು ಕಿಲೋಮೀಟರು ದೂರ.

ನಿಜವಾದ ಬಿಕ್ಕಟ್ಟು ಇರುವುದು ಇಲ್ಲೇ. ರಜೆ ಕಾಗದದ ಮೇಲಿದ್ದರೂ ತೆಗೆದುಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ಇಬ್ಬರಿರುವ ಶಾಲೆಯಲ್ಲಿ ಒಬ್ಬರು ಮನೆಯಲ್ಲುಳಿದರೆ ಐದು ತರಗತಿಗಳೂ ಇನ್ನೊಬ್ಬರ ಕೊರಳಿಗೆ. ಆ ಇನ್ನೊಬ್ಬರಿಗೂ ಮನೆಯಲ್ಲಿ ಜ್ವರ ಬಂದ ಮಗು ಇದ್ದೀತು. ಹೀಗಾಗಿ ಹಕ್ಕಾಗಿ ಬಂದ ರಜೆಯನ್ನು ಸಹೋದ್ಯೋಗಿಯಿಂದ ಕೈಸಾಲ ಪಡೆದಂತೆ, ಸಂಕೋಚದಿಂದ ಪಡೆಯಬೇಕಾಗುತ್ತದೆ. ಪಾಠ ತಪ್ಪಿದ ಮಕ್ಕಳ ತಂದೆತಾಯಿಯರ ಅಸಮಾಧಾನವೂ ನ್ಯಾಯವಾದದ್ದೇ. ಮಕ್ಕಳು ಕಡಿಮೆಯಾದಂತೆಲ್ಲ ‘ಶಾಲೆ ಮುಚ್ಚೀತು’ ಎಂಬ ಭಯ ಬೇರೆ.

ರಜೆಯ ದಿನಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಈ ಗಂಟು ಬಿಚ್ಚುವುದಿಲ್ಲ. ಹೆರಿಗೆಯ ದಿನ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ರಜೆ ಮಂಜೂರಾಗುವ ದಿನವೇ ಆ ಜಾಗಕ್ಕೆ ಬರುವ ಶಿಕ್ಷಕರ ಹೆಸರೂ ಗೊತ್ತಾಗುವಂತಿದ್ದರೆ ಒಂದು ಮನೆಯ ತೊಟ್ಟಿಲೂ ಒಂದು ಊರಿನ ಶಾಲೆಯೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಅಲ್ಲಿಯವರೆಗೆ ಈ ಸೀಮೆಯ ಸಣ್ಣ ಶಾಲೆಗಳು ಸಂಬಳಪಟ್ಟಿಯಲ್ಲಿ ಹೆಸರಿಲ್ಲದ ಅಜ್ಜಿಯರ ಬಲದ ಮೇಲೇ ನಡೆಯಬೇಕು.