ಕಪ್ಪು ಕೋಟಿನೊಳಗಿನ ಅಳುಕು

ಹೈದರಾಬಾದಿನಲ್ಲಿ ಓದಲು ವಿದೇಶಕ್ಕೆ ಹೋಗುವುದು ಹೊಸ ಸುದ್ದಿಯೇನಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾವ ಮಹಡಿಗೆ ಹೋದರೂ ಎಂಎಸ್ ಮಾಡಲು ಅಮೆರಿಕಕ್ಕೆ ಹೋದ ಮಕ್ಕಳ ಮಾತೇ. ಚಿಲ್ಕೂರಿನ ದೇವರಿಗಂತೂ ‘ವೀಸಾ ಬಾಲಾಜಿ’ ಎಂದೇ ಹೆಸರು. ಬೇಡಿಕೊಳ್ಳುವಾಗ 11 ಪ್ರದಕ್ಷಿಣೆ, ಕೆಲಸವಾದ ಮೇಲೆ 108. ಆದರೆ ಕಾನೂನು ಓದಲು ಹೊರಟವರಿಗೆ ದಾರಿ ಹೇಳುವವರು ಇಲ್ಲಿ ಕಡಿಮೆ. ಅವರ ಅಳುಕೂ ಬೇರೆಯೇ. ನಮ್ಮಂಥ ಐಟಿಯವರು ಬರೆದ ಕೋಡ್ ಓಡಿದರೆ ಸಾಕು, ನಮ್ಮ ಉಚ್ಚಾರಣೆ ಹೇಗಿದೆ ಎಂದು ಕಂಪ್ಯೂಟರ್ ಕೇಳುವುದಿಲ್ಲ. ವಕೀಲಿಕೆಯಲ್ಲಿ ಮಾತೇ ಬಂಡವಾಳ.

ನನ್ನ ಅಕ್ಕನ ಮಗಳು ರಾಯಚೂರಿನಲ್ಲಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಲ್‌ಎಲ್‌ಬಿ ಮುಗಿಸಿ ಈಗ ಲಂಡನ್ನಿನಲ್ಲಿ ಎಲ್‌ಎಲ್‌ಎಂ ಮಾಡುತ್ತಿದ್ದಾಳೆ. ಅಕ್ಕ-ಭಾವ ಮನೆ ಅಡವಿಟ್ಟು ಸಾಲ ತೆಗೆದಿದ್ದಾರೆ. ಹೋದ ತಿಂಗಳೊಳಗೇ ಅವಳ ಫೋನ್ ಬಂತು: “ಮಾಮಾ, ಓದಿದ್ದೆಲ್ಲಾ ತಿಳೀತದ. ಆದ್ರ ಕ್ಲಾಸಿನಾಗ ಪ್ರಶ್ನಿ ಕೇಳಿದ್ರ ಉತ್ತರ ಗಂಟಲಾಗೇ ನಿಂತುಬಿಡ್ತದ. ವಾಪಸ್ ಬಂದುಬಿಡ್ಲೇನು?”

ಇಂಗ್ಲಿಷ್ ಬಾರದ್ದಕ್ಕೆ ಹೀಗಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಅದು ಪೂರ್ತಿ ನಿಜವಲ್ಲ.

30 ರೂಪಾಯಿಯ ವಕಾಲತ್ತು

ನಮ್ಮ ದೇಶದಿಂದ ಲಂಡನ್ನಿಗೆ ಕಾನೂನು ಓದಲು ಹೋದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಗಾಂಧೀಜಿಯವರದು. 1888ರಲ್ಲಿ ಹೋದರು, 1891ರ ಜೂನ್‌ನಲ್ಲಿ ಬ್ಯಾರಿಸ್ಟರ್ ಆದರು. ಅಲ್ಲಿ ಸಸ್ಯಾಹಾರಿಗಳ ಸಂಘದ ಸಭೆಯಲ್ಲಿ ತಾವು ಬರೆದುಕೊಂಡು ಹೋದದ್ದನ್ನೂ ಓದಲಾಗದೆ ಬೇರೊಬ್ಬರಿಂದ ಓದಿಸಿದರು. ಊರಿಗೆ ಮರಳಿದ ಮೇಲೆ ಮುಂಬೈನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆ, ಶುಲ್ಕ 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತರೆ ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊರಡಲಿಲ್ಲ. ಕಕ್ಷಿದಾರರು 51 ರೂಪಾಯಿ ಕೊಟ್ಟು ಬೇರೆ ವಕೀಲರನ್ನು ಹಿಡಿಯಬೇಕಾಯಿತು. ಇದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಮೂರು ವರ್ಷ ಲಂಡನ್ನಿನಲ್ಲಿದ್ದವರಿಗೆ ಇಂಗ್ಲಿಷಿನ ಕೊರತೆ ಇತ್ತೇ? ಇರಲಾರದು. ಧೈರ್ಯ ಬಂದದ್ದು 1893ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ದಾದಾ ಅಬ್ದುಲ್ಲಾ ಅವರ ಮೊಕದ್ದಮೆಯಲ್ಲಿ. ಆ ವ್ಯಾಜ್ಯದ ಕಾಗದಪತ್ರವನ್ನೆಲ್ಲ ಓದಿದರು, ಲೆಕ್ಕಪತ್ರ ಇಡುವುದನ್ನು ಕಲಿತರು. ಪತ್ರವ್ಯವಹಾರ ಹೆಚ್ಚಾಗಿ ಗುಜರಾತಿಯಲ್ಲಿತ್ತು, ಅದನ್ನು ಅನುವಾದ ಮಾಡಿದರು. ಪ್ರಕರಣ ಪೂರ್ತಿ ಕೈಗೆ ಬಂದ ಮೇಲೆ ಎರಡೂ ಕಡೆಯವರನ್ನು ಒಪ್ಪಿಸಿ ಮಧ್ಯಸ್ಥಿಕೆಯಲ್ಲಿ ರಾಜಿ ಮಾಡಿಸಿದರು. ಲಂಡನ್ನಿನ ಪದವಿ ಕೊಡದ ಧೈರ್ಯವನ್ನು ಕಾಗದಪತ್ರಗಳ ಹಿಡಿತ ಕೊಟ್ಟಿತು. ಅಲ್ಲಿ ಮಾತೃಭಾಷೆಯೇ ಕೆಲಸಕ್ಕೆ ಬಂತು.

ಉರ್ದುವಿನಲ್ಲಿ ಕಲಿತವರು

ಪರಭಾಷೆಯಲ್ಲಿ ಕಾನೂನು ಕಲಿಯುವುದು ನಮ್ಮ ಕಡೆಯವರಿಗೂ ಹೊಸದಲ್ಲ. ನಿಜಾಮರ ಕಾಲದಲ್ಲಿ ರಾಯಚೂರು, ಕಲಬುರಗಿ, ಬೀದರಿನವರಿಗೆ ಹೈದರಾಬಾದೇ ರಾಜಧಾನಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಉರ್ದುವಿನಲ್ಲಿ, ಸರ್ಕಾರದ ವ್ಯವಹಾರವೂ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡಿ ಬಂದವರು ಅದನ್ನೇ ಕಲಿತು ನಿಭಾಯಿಸಿದರು. ವಕೀಲ, ದಾವೆ, ಜಾಮೀನು, ಫಿರ್ಯಾದಿ ಎಲ್ಲವೂ ಅರಬ್ಬಿ, ಫಾರಸಿಯಿಂದ ಬಂದು ನಮ್ಮವೇ ಆಗಿಹೋದ ಮಾತುಗಳು. ಕೋರ್ಟಿನ ಭಾಷೆ ಮೊದಲು ಎಲ್ಲರಿಗೂ ಪರಭಾಷೆಯೇ, ಬಳಸುತ್ತಾ ಬಳಸುತ್ತಾ ನಮ್ಮದಾಗುತ್ತದೆ.

ಬಾತುಕೋಳಿ ಮತ್ತು ಬಸವನಹುಳು

ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆಯೆಂದು ತಿಳಿಯದಿದ್ದರೆ ಮೇಜಿನ ಮೇಲೊಂದು ರಬ್ಬರ್ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ಸಾಲು ಸಾಲಾಗಿ ವಿವರಿಸು ಎನ್ನುವುದು ನಮ್ಮ ವೃತ್ತಿಯ ಹಳೆಯ ಉಪಾಯ. ಕಾನೂನು ತಿಳಿಯದ ನಾನು ಆ ಬಾತುಕೋಳಿಯಾದೆ. ಪ್ರತಿ ಭಾನುವಾರ ಅವಳು ಫೋನಿನಲ್ಲಿ ಒಂದು ತೀರ್ಪನ್ನು ಐದು ನಿಮಿಷ ಕನ್ನಡದಲ್ಲಿ ಹೇಳಬೇಕು, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ. ನಡೆದದ್ದೇನು, ಪ್ರಶ್ನೆಯೇನು, ಕಾನೂನು ಏನು ಹೇಳುತ್ತದೆ, ಇಲ್ಲಿಗೆ ಹೇಗೆ ಅನ್ವಯಿಸುತ್ತದೆ, ಕೊನೆಗೆ ಏನಾಯಿತು ಎಂಬ ಕ್ರಮದಲ್ಲಿ.

ಮೊದಲು ಹೇಳಿದ್ದು 1932ರ ಡಾನಹ್ಯೂ ವಿರುದ್ಧ ಸ್ಟೀವನ್‌ಸನ್ ಪ್ರಕರಣ. ಸ್ಕಾಟ್ಲೆಂಡಿನ ಹೋಟೆಲೊಂದರಲ್ಲಿ ಸ್ನೇಹಿತರೊಬ್ಬರು ಕೊಡಿಸಿದ ಶುಂಠಿ ಬಿಯರ್ ಕುಡಿದ ಮಹಿಳೆ, ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂದು ತಯಾರಕರ ಮೇಲೆ ದಾವೆ ಹೂಡಿದ್ದು. “ದುಡ್ಡು ಕೊಟ್ಟವರು ಬೇರೆ, ಕುಡಿದಾಕಿ ಬೇರೆ. ಆಕೀಗೆ ಕೇಳೋ ಹಕ್ಕು ಎಲ್ಲಿಂದ ಬಂತು?” ಎಂದೆ. ಅವಳು ನಕ್ಕಳು. “ಮಾಮಾ, ಜಡ್ಜುಗಳ ತಲಿ ತಿಂದ ಪ್ರಶ್ನಿನೂ ಅದೇ!” ಕೊಂಡವರಿಗಷ್ಟೇ ಅಲ್ಲ, ಬಳಸುವವರಿಗೂ ತಯಾರಕರು ಎಚ್ಚರ ವಹಿಸಬೇಕು ಎಂಬುದು ಆ ತೀರ್ಪಿನ ಸಾರ ಎಂದು ತಡವರಿಸದೆ ವಿವರಿಸಿದಳು.

ಕ್ಲಾಸಿನಲ್ಲಿ ಅವಳೇ ಹಾಕಿಕೊಂಡ ನಿಯಮ ಇನ್ನೊಂದಿದೆ. ಮೊದಲ ಹತ್ತು ನಿಮಿಷದೊಳಗೆ ಒಂದು ಮಾತು ಆಡಿಬಿಡಬೇಕು, ಸಣ್ಣ ಪ್ರಶ್ನೆಯಾದರೂ ಸರಿ. ತಡಮಾಡಿದಷ್ಟೂ ನಾಲಗೆ ಭಾರವಾಗುತ್ತದೆ. ಈಗ ಅಣಕು ನ್ಯಾಯಾಲಯದ ಸ್ಪರ್ಧೆಗೂ ಹೆಸರು ಕೊಟ್ಟಿದ್ದಾಳೆ. ವಾಪಸ್ ಬರುವ ಮಾತು ನಿಂತಿದೆ.

ದಾರಿ ಗೊತ್ತಿದ್ದರೆ ಅರ್ಧ ಧೈರ್ಯ

ಅಳುಕಿನ ಇನ್ನರ್ಧ ಮುಂದೇನು ಎಂಬುದು ತಿಳಿಯದ್ದರಿಂದ ಬರುತ್ತದೆ. ಒಂದು ವರ್ಷದ ಎಲ್‌ಎಲ್‌ಎಂ ಮುಗಿಸಿದಾಕ್ಷಣ ಇಂಗ್ಲೆಂಡಿನಲ್ಲಿ ಯಾರೂ ಸಾಲಿಸಿಟರ್ ಆಗುವುದಿಲ್ಲ. ಅದಕ್ಕೆ 2021ರಿಂದ ಎಸ್‌ಕ್ಯುಇ ಎಂಬ ಪರೀಕ್ಷೆಯಿದೆ. ಮೊದಲ ಹಂತದಲ್ಲಿ ಬಹು ಆಯ್ಕೆಯ ಪ್ರಶ್ನೆಗಳು, ಎರಡನೆಯದರಲ್ಲಿ ಕಕ್ಷಿದಾರರ ಸಂದರ್ಶನ, ವಾದ ಮಂಡನೆ, ಬರವಣಿಗೆ.

ಮರಳಿ ಬರುವವರ ಬಳಿ ಇಲ್ಲಿಯ ಎಲ್‌ಎಲ್‌ಬಿ ಇದ್ದರೆ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಮತ್ತು ಎಐಬಿಇ ಪರೀಕ್ಷೆ ಸಾಕು. ಎಲ್‌ಎಲ್‌ಬಿಯನ್ನೇ ಹೊರಗೆ ಮಾಡುವುದಾದರೆ ಆ ಪದವಿಗೆ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಬೇಕು, ಜೊತೆಗೆ ಅರ್ಹತಾ ಪರೀಕ್ಷೆಯೂ ಇದೆ. ಶುಲ್ಕ ಕಟ್ಟುವ ಮುನ್ನವೇ ಇದನ್ನು ವಿಚಾರಿಸಿಕೊಳ್ಳಬೇಕು.

ಮರಳಿ ಬಂದವರಿಗೆ ಕನ್ನಡ ಹೊರೆಯಲ್ಲ. ಹೈಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆದರೂ ಅದಕ್ಕೆ ಆಧಾರವಾದ ಪಹಣಿ, ಕರಾರುಪತ್ರ, ಸಾಕ್ಷಿಯ ಹೇಳಿಕೆ ನಮ್ಮ ಊರುಗಳಲ್ಲಿ ಕನ್ನಡದಲ್ಲೇ ಇರುತ್ತವೆ. ಅವನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರೇ ಪ್ರಕರಣದ ತಳ ಮುಟ್ಟುತ್ತಾರೆ.

ನಿಮ್ಮ ಮನೆಯಿಂದಲೂ ಯಾರಾದರೂ ಕಾನೂನು ಓದಲು ದೂರ ಹೋಗಿದ್ದರೆ, ‘ಇಂಗ್ಲಿಷ್ ಸುಧಾರಿಸ್ತಾ?’ ಎಂದು ಕೇಳುವ ಬದಲು ‘ಈ ವಾರ ಯಾವ ಕೇಸು ಓದಿದೆ, ನಮಗೂ ಹೇಳು’ ಎನ್ನಿ. ಹೇಳಿ ಮುಗಿಸುವವರೆಗೂ ಕೇಳಿ.