ಹೊಟ್ಟೆ ನುಲಿಸಿದ ಔಷಧವೇ ಕೊಳವೆಗೆ ದಾರಿಯಾಯಿತು

ಐಸಿಯುನಲ್ಲಿ ಮಲಗಿದವರ ಮೂಗಿನೊಳಗೆ ಇಳಿದ, ಆಹಾರ ಹರಿಸುವ ಕೊಳವೆ ರೈಲ್ಸ್ ಟ್ಯೂಬ್ ಎಷ್ಟೋ ಮನೆಗಳವರು ಕಂಡಿರುವಂಥದ್ದೇ. ಕಾಯಿಲೆ ತೀವ್ರವಾದಾಗ ಜಠರ ಚಲನೆಯನ್ನೇ ಮರೆಯುತ್ತದೆ. ಕೊಟ್ಟ ಆಹಾರ ಅಲ್ಲೇ ನಿಂತು, ಮೇಲೆ ಉಕ್ಕಿ, ಶ್ವಾಸಕೋಶಕ್ಕೆ ಇಳಿಯುವ ಭಯ. ಆಗ ಕೊಳವೆಯ ತುದಿಯನ್ನು ಸಣ್ಣ ಕರುಳಿಗೆ ಮುಟ್ಟಿಸಬೇಕು. ನಡುವೆ ಪೈಲೋರಸ್ ಎಂಬ ಬಿಗಿ ಸ್ನಾಯುವಿನ ಉಂಗುರ. ಎಂಡೋಸ್ಕೋಪಿ ಇಲ್ಲದೆ ಕೈಯಂದಾಜಿನಲ್ಲಿ ಅದನ್ನು ದಾಟಿಸುವುದು ಸುಲಭವಲ್ಲ.

ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಜಠರವನ್ನು ಚುರುಕುಗೊಳಿಸುತ್ತದೆಂದು ಮೊದಲು ಅದನ್ನು ನೆಚ್ಚಿದರು. ಮುಂದೆ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಸ್ಪಷ್ಟ ಲಾಭ ಕಾಣಲಿಲ್ಲ.

ಇನ್ನೊಂದು ಔಷಧ ಬಂದ ದಾರಿ ನನಗೆ ಬಲು ಇಷ್ಟ. 1949ರಲ್ಲಿ ಫಿಲಿಪ್ಪೀನ್ಸಿನ ವೈದ್ಯ ಅಬೆಲಾರ್ಡೊ ಅಗಿಲಾರ್ ಇಲೋಯ್ಲೋ ಪ್ರಾಂತ್ಯದ ಮಣ್ಣನ್ನು ಅಮೆರಿಕದ ಎಲಿ ಲಿಲಿ ಕಂಪನಿಗೆ ಕಳಿಸಿದರು. ಅದರಲ್ಲಿದ್ದ ಸೂಕ್ಷ್ಮಜೀವಿಯಿಂದ ಹುಟ್ಟಿದ್ದು ಎರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್. 1952ರ ಹೊತ್ತಿಗೆ ಅದು ಮಾರುಕಟ್ಟೆಗೆ ಬಂತು. ಪೆನಿಸಿಲಿನ್ ಒಗ್ಗದವರಿಗೆ ಅದು ವರವಾಯಿತು. ಆದರೆ ನುಂಗಿದವರಲ್ಲಿ ಹಲವರು ಹೊಟ್ಟೆ ನುಲಿಯುತ್ತದೆ, ವಾಂತಿ ಬರುತ್ತದೆ ಎಂದು ದೂರುತ್ತಲೇ ಇದ್ದರು. ಮೂರು ದಶಕ ಅದು ಅಡ್ಡಪರಿಣಾಮವೆಂದೇ ಉಳಿಯಿತು.

ಜಪಾನಿನ ಝೆನ್ ಇಟೊ ಮತ್ತು ಸಂಗಡಿಗರು 1984ರಲ್ಲಿ ಆ ನುಲಿತವನ್ನೇ ಅಳೆದರು. ಎರಿತ್ರೋಮೈಸಿನ್ ಕೊಟ್ಟ ನಾಯಿಗಳ ಜಠರದ ಸಂಕೋಚನ, ಮೋಟಿಲಿನ್ ಎಂಬ ಹಾರ್ಮೋನು ಎಬ್ಬಿಸುವ ಅಲೆಯನ್ನೇ ಹೋಲುತ್ತಿತ್ತು. ಊಟವಿಲ್ಲದ ಹೊತ್ತಿನಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ಜಠರ, ಕರುಳನ್ನು ಗುಡಿಸಿಕೊಂಡು ಹೋಗುವ ಅಲೆ ಅದು. ಇಲಿಗಳಲ್ಲಿ ಮೋಟಿಲಿನ್ ವ್ಯವಸ್ಥೆಯೇ ಇಲ್ಲ. ಪ್ರಯೋಗಕ್ಕೆ ಇಲಿಯನ್ನು ಆರಿಸಿದ್ದರೆ ಈ ಗುಟ್ಟು ಇನ್ನೆಷ್ಟು ವರ್ಷ ಮುಚ್ಚಿರುತ್ತಿತ್ತೋ!

1990ರಲ್ಲಿ ಬೆಲ್ಜಿಯಂ ವೈದ್ಯರು, ಸಕ್ಕರೆ ಕಾಯಿಲೆಯಿಂದ ಮಂದವಾದ ಜಠರವನ್ನು ಇದು ಚುರುಕಾಗಿಸುವುದನ್ನು ತೋರಿಸಿದರು. ಅಲ್ಲಿಂದ ಕೊಳವೆಯವರೆಗಿನ ಹೆಜ್ಜೆ ಸಹಜವಾಗಿತ್ತು. ಕೊಳವೆಯನ್ನು ಜಠರಕ್ಕೆ ಇಳಿಸಿ, ರಕ್ತನಾಳಕ್ಕೆ ಔಷಧ ಕೊಟ್ಟು, ಅಲೆ ಏಳುವ ಹೊತ್ತಿಗೆ ನಿಧಾನವಾಗಿ ಮುಂದೆ ತಳ್ಳುತ್ತಾರೆ. 2003ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಒಂದೇ ಡೋಸ್ ಪಡೆದವರಲ್ಲಿ, ಹುಸಿ ಔಷಧ ಪಡೆದವರಿಗಿಂತ ಹೆಚ್ಚು ಮಂದಿಗೆ ಕೊಳವೆ ಪೈಲೋರಸ್ ದಾಟಿತು.

ಎಲ್ಲರಲ್ಲೂ ದಾಟುವುದಿಲ್ಲ, ಆಹಾರ ಹರಿಸುವ ಮುನ್ನ ಎಕ್ಸ್‌ರೇ ಬೇಕೇ ಬೇಕು. ಹೃದಯದ ಲಯ ತಪ್ಪಿಸುವ ಗುಣವೂ ಈ ಔಷಧಕ್ಕಿದೆ, ಇಸಿಜಿ ನೋಡದೆ ಕೊಡಬಾರದು. ದಿನಗಟ್ಟಲೆ ಕೊಟ್ಟರೆ ಶಕ್ತಿಗುಂದುತ್ತದೆ, ರೋಗಾಣುಗಳೂ ಪಳಗುತ್ತವೆ. ಅದಕ್ಕೇ ಇಟೊ ಅವರು ಜೀವರಸಾಯನ ವಿಜ್ಞಾನಿ ಸತೋಶಿ ಓಮುರಾ ಜೊತೆಗೂಡಿ, ರೋಗಾಣು ಕೊಲ್ಲುವ ಗುಣ ಕಳೆದು ಜಠರ ಹಿಂಡುವ ಗುಣವನ್ನಷ್ಟೇ ಉಳಿಸಿದ ಅಣುಗಳನ್ನು ರೂಪಿಸಿದರು. ಅವು ವಾರ್ಡಿನ ದಿನಬಳಕೆಗೆ ಬರಲಿಲ್ಲ. ಕೊಳವೆ ದಾಟಿಸಲು ವೈದ್ಯರ ಕೈಗೆ ಸಿಗುವುದು ಇಂದಿಗೂ ಇಲೋಯ್ಲೋ ಮಣ್ಣಿನ ಆ ಹಳೆಯ ಆಂಟಿಬಯಾಟಿಕ್ಕೇ.